ಕಾಗದದಲ್ಲಿಲ್ಲದ ಗಿಡ

ಗೂಟಕ್ಕೆ ತೂಗುಬಿಟ್ಟಿದ್ದ ಅಂಗಿಯ ಕಿಸೆಗೆ ಗೌತಮ ಕೈ ಹಾಕುವುದಕ್ಕೂ ಯಂಕವ್ವ ಹೊಸ್ತಿಲು ದಾಟಿ ಒಳಗೆ ಬರುವುದಕ್ಕೂ ಸರಿಹೋಯಿತು.

"ಯಾರ ಕಿಸೇಕ ಕೈ ಹಾಕೀರಿ ಸಾಹೇಬ್ರ?"

ಗೌತಮ ಬೆಚ್ಚಿಬಿದ್ದು ಕೈ ಹಿಂದಕ್ಕೆಳೆದ. ಗುಡ್ಡದಲ್ಲಿ ಗಿಡ ಬೆಳೆಸುವ ಯೋಜನೆಗೆ ಅವನು ಸೂಪರ್‌ವೈಜರ್. ಇನ್ನೂ ಮೀಸೆ ಬಲಿಯದ ವಯಸ್ಸು. ಅಂಗಿ ಕಾಶೀಂಸಾಬನದು. ಕಾಶೀಂಸಾಬ ಹಿತ್ತಲಲ್ಲಿ ಅಡ್ಡಕಟ್ಟಿದ ಪರದೆಯ ಹಿಂದೆ ಹಲಗೆಯ ಮೇಲೆ ಮಲಗಿದ್ದ. ನಸುಕಿನಲ್ಲಿ ನಮಾಜಿಗೆ ಏಳಲಿಲ್ಲವೆಂದು ಹೆಂಡತಿ ಸಾಬೀರಾ ಮುಟ್ಟಿ ನೋಡಿದಾಗ ಮೈ ತಣ್ಣಗಾಗಿತ್ತು. ಈಗ ಮಗ ಇಲಿಯಾಸನೂ ಓಣಿಯ ಹಿರಿಯರಿಬ್ಬರೂ ಅವನಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದರು.

"ಗುಡ್ಡದ ಶೆಡ್ಡಿನ ಚಾವಿ, ಯಂಕವ್ವಾ. ಕಾಕಾನ ಕಡೆ ಇತ್ತು. ಒಳಗ ಹಗ್ಗ ಅದಾವು, ಜರೂರು ಬೇಕಾಗ್ಯಾವು."

"ನೀರು ಇನ್ನ ಆರಿಲ್ಲ ಅವನ ಮೈಮ್ಯಾಲಿಂದು. ನಿಮಗ ಚಾವಿ ಜರೂರು!"

ಒಳಗಿನ ಕೋಣೆಯಲ್ಲಿ ಹೆಂಗಸರ ನಡುವೆ ಕೂತಿದ್ದ ಸಾಬೀರಾಗೆ ಇದೆಲ್ಲ ಕೇಳಿಸಿತು. ಚಾವಿ ಗಂಡನ ತಲೆದಿಂಬಿನ ಕೆಳಗೆ ಸಿಕ್ಕಿತ್ತು, ಆಗಲೇ ಅದು ಅವಳ ಮುಷ್ಟಿಯಲ್ಲಿತ್ತು.

"ಸಿಟ್ಟಾಗಬ್ಯಾಡ. ನಾನೂ ಬರಿಗೈಲೆ ಬಂದಿಲ್ಲ," ಎಂದ ಗೌತಮ. "ಗೋರಿಗೆ ಹಲಗಿ ಬೇಕಾಗ್ತಾವಲ್ಲ, ಅದಕ್ಕ ಕಟಿಗಿ ತಂದೀನಿ. ಹೊರಗ ಟ್ರ್ಯಾಕ್ಟರಿನ್ಯಾಗ ಅದಾವು ನೋಡು."

ಆ ಊರಿನ ಖಬರಸ್ತಾನದಲ್ಲಿ ಹೆಣವನ್ನು ಕುಣಿಗಿಳಿಸಿದ ಮೇಲೆ ಓರೆಯಾಗಿ ಹಲಗೆ ಜೋಡಿಸಿ, ಆಮೇಲೆ ಮಣ್ಣೆಳೆಯುವುದು ರೂಢಿ. ಸತ್ತವನ ಮುಖದ ಮೇಲೆ ಮಣ್ಣು ಬೀಳಬಾರದು. ಹುಡುಗನಿಗೆ ಇಷ್ಟಾದರೂ ಬುದ್ಧಿ ಬಂತಲ್ಲ ಅಂದುಕೊಂಡು ಯಂಕವ್ವ ಹೊರಗೆ ಬಂದಳು. ಟ್ರ್ಯಾಕ್ಟರಿನಲ್ಲಿ ತೊಡೆಗಾತ್ರದ ನಾಲ್ಕು ದಿಮ್ಮಿಗಳಿದ್ದವು. ತೊಗಟೆ ಹಸಿಯಾಗಿತ್ತು, ಕೊಡಲಿ ಬಿದ್ದ ಬಾಯಿ ಕೆಂಪಗಿತ್ತು. ಒಂದರ ನಡುವಿಗೆ ತಂತಿ ಬಿಗಿದ ಹಳೇ ಗಾಯ, ಗಿಡ ಬೆಳೆಯುತ್ತ ಆ ತಂತಿಯನ್ನು ಅರ್ಧ ನುಂಗಿಬಿಟ್ಟಿತ್ತು.

ಯಂಕವ್ವ ಆ ತಂತಿಯನ್ನು ಬೆರಳಿನಿಂದ ಮುಟ್ಟಿದಳು. ಆಡು ಬಾಯಿ ಹಾಕದಂತೆ ಮುಳ್ಳು ಸುತ್ತಿ ಅದನ್ನು ಬಿಗಿದವಳು ಅವಳೇ. ಆಗ ಆ ಕಮರದ ಸಸಿ ಅವಳ ಮೊಣಕಾಲಿಗೂ ಬರುತ್ತಿರಲಿಲ್ಲ.

"ಎಲ್ಲೀದಿದು?" ಎಂದಳು. ಉತ್ತರ ಗೊತ್ತಿದ್ದೇ ಕೇಳಿದಳು.

ಗೌತಮ ನೆಲ ನೋಡಿದ. "ಮುಂಜಾನೆ ಹೊತ್ತಿಗೆನ ಕಡಿಯೋ ಮಂದಿ ಬಂದುಬಿಟ್ರು, ಯಂಕವ್ವಾ. ಶಿರೋಳದ ಕಡೇವ್ರು. ನಾ ಮೊದಲ ಹೇಳಿಟ್ಟಿದ್ದೆ. ಕಾಕಾ ಇವತ್ತ ಹೋಗ್ತಾನಂತ ನನಗೇನ್ ಕನಸು ಬಿದ್ದಿತ್ತೇನು?"

*

ಹದಿನಾಲ್ಕು ವರ್ಷದ ಹಿಂದೆ ಊರ ಹಳ್ಳದ ದಂಡೆಗೆ ಯೋಜನೆಯವರು ನರ್ಸರಿ ಹಾಕಿದರು. ಯಂಕವ್ವ, ಅವಳ ಜೋಡಿ ಮಾನವ್ವ, ಇನ್ನೂ ನಾಲ್ಕೈದು ಹೆಂಗಸರು ಪಾಕೀಟಿಗೆ ಮಣ್ಣು ತುಂಬುವವರು. ಬೀಜ ಊರುವವನು, ನೀರು ಬಿಡುವವನು ಕಾಶೀಂಸಾಬ. ಬೀಜ ಒಂದೇ ಜಾತಿಯದು. ನೀಲಗಿರಿ, ಬರೀ ನೀಲಗಿರಿ. ಗಜೇಂದ್ರಗಡದ ಈಚೆಗಿನ ಆ ಬೋಳುಗುಡ್ಡದ ತುಂಬ ಅದನ್ನೇ ಹಚ್ಚಬೇಕೆಂದು ಮೇಲಿನಿಂದ ಹುಕುಂ ಬಂದಿತ್ತು.

ಒಂದು ದಿನ ಯಂಕವ್ವ ನೋಡುತ್ತಾಳೆ, ಕಾಶೀಂಸಾಬ ಪ್ರತಿ ಪಾಕೀಟಿಗೂ ಎರಡನೆಯ ಬೀಜ ಇಳಿಸುತ್ತಿದ್ದಾನೆ.

"ಇದೇನೋ ಅಣ್ಣಾ, ಏನ್ ಹಾಕಾಕತ್ತಿ?"

"ಬನ್ನಿ ಬೀಜ. ಆ ಸಾಲಿಗೆ ಬಾರಿ. ಆಚೇಕ ಕಮರ."

"ಯಾರ್ ಕೊಟ್ರು?"

"ಬನ್ನಿ, ಬಾರಿ ಆಡು ಕೊಟ್ಟಾವು," ಎಂದು ನಕ್ಕ. ಖರೇನೇ ಹೇಳಿದ್ದ. ಆಡುಗಳು ಬನ್ನಿಯ ಕಾಯಿ, ಬಾರಿಯೆಂಬ ಎಲಚಿಹಣ್ಣು ಮೇದು ಬಂದು, ದೊಡ್ಡಿಯಲ್ಲಿ ಮೆಲುಕು ಹಾಕುತ್ತ ಉಗುಳಿದ ಬೀಜಗಳನ್ನು ಅವನು ದಿನಾ ಬೆಳಗ್ಗೆ ಆರಿಸುತ್ತಿದ್ದ. ಆಡಿನ ಹೊಟ್ಟೆ ನೋಡಿ ಬಂದ ಬೀಜ ಲಗೂ ಮೊಳೆಯುತ್ತದೆ ಅನ್ನುತ್ತಿದ್ದ. ಕಮರದ ಬೀಜವನ್ನು ಮಾತ್ರ ತಾನೇ ಗುಡ್ಡ ಅಲೆದು ತರುತ್ತಿದ್ದ. ಮಸೂತಿಯ ಗೋಡೆಯಲ್ಲೋ ಮಠದ ಕಟ್ಟೆಯಲ್ಲೋ ಆಲ, ಅತ್ತಿ ಚಿಗುರಿದರೆ ಗೋಡೆ ಬಿರಿಯುತ್ತದೆಂದು ಜನ ಕಿತ್ತೆಸೆಯಲು ಅವನನ್ನು ಕರೆಯುತ್ತಿದ್ದರು. ಅವನು ಕೀಳುತ್ತಿದ್ದ, ಎಸೆಯುತ್ತಿರಲಿಲ್ಲ. ಬೇರಿಗೆ ಹಸಿ ಅರಿವೆ ಸುತ್ತಿ ನರ್ಸರಿಗೆ ತರುತ್ತಿದ್ದ.

"ಒಂದ ಜಾತಿ ಗಿಡ ಹಚ್ಚಿದ್ರ ಅದು ಗುಡ್ಡ ಆಗೂದಿಲ್ಲ ಯಂಕವ್ವಾ. ಹಕ್ಕಿ ಬಂದು ಕುಂತು ಏನ್ ತಿನ್ನಬೇಕು? ನೀಲಗಿರಿ ಎಲಿ ತಿಂತಾವೇನು?"

ಆಗಿನ ಸಾಹೇಬ ಪಾಕೀಟುಗಳನ್ನು ನೋಡಿ ಕೆಂಡವಾದ. ಸರಕಾರಿ ಸಸಿಯಲ್ಲಿ ಕಲಬೆರಕೆ ಮಾಡಿದ್ದಾನೆಂದು ಬರೆದುಕೊಂಡು, ಬರೆದದ್ದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿಸಿದ. ಕಲಬೆರಕೆ! ಹಾಲಿಗೆ ನೀರು ಹಾಕಿದವನನ್ನು ಬೈದ ಹಾಗೆ. ಕಾಶೀಂಸಾಬ ಕೈಕಟ್ಟಿ ನಿಂತು ಕೇಳಿದ. ಆದರೆ ಮಳೆ ತಲೆಯ ಮೇಲಿತ್ತು, ಮತ್ತೆ ಸಸಿ ಮಾಡುವುದಕ್ಕೆ ಹೊತ್ತಿರಲಿಲ್ಲ. ಅದೇ ಪಾಕೀಟುಗಳು ಗುಡ್ಡ ಹತ್ತಿದವು. ಕಾಗದದಲ್ಲಿ ಮಾತ್ರ ನೀಲಗಿರಿ ಎಂದೇ ಬರೆದರು.

ಆಮೇಲೆ ಮೂರು ವರ್ಷ ಸಾಲಾಗಿ ಮಳೆ ಕೈಕೊಟ್ಟಾಗ ನೀಲಗಿರಿ ನಿಂತಲ್ಲೇ ಒಣಗಿದವು. ನೂರಾ ಎಂಟು ಮಾತ್ರ ಉಳಿದವು. ಕಲಬೆರಕೆಯೋ, ಗುಡ್ಡದ ತುಂಬ ಹಬ್ಬಿತು. ಊರಿನ ಯಾರೂ ಕಂಡಿರದ ಹಳದಿ ಹಕ್ಕಿ ಬಂತು. ಜೇನು ಕಟ್ಟಿತು. ಕಾವಲಿಗೆ ಬೇರೆ ಯಾರೂ ಸಿಗಲಿಲ್ಲವೆಂದು ಯೋಜನೆಯವರು ಕಾಶೀಂಸಾಬನನ್ನೇ ಇಟ್ಟುಕೊಂಡರು.

*

ಸಾಬೀರಾ ಎದ್ದು ಬಾಗಿಲ ತನಕ ಬಂದಳು, ಹೊಸ್ತಿಲಿನ ಒಳಗೇ ನಿಂತಳು.

"ಇಲಿಯಾಸಾ, ಆ ಕಟಿಗಿ ನಿಮ್ಮಪ್ಪನ ಮ್ಯಾಲೆ ಹಾಕಬ್ಯಾಡ."

"ಅಮ್ಮಾ, ಮತ್ತ ಹಲಗಿ ಎಲ್ಲಿಂದ ತರೂದು? ಮಧ್ಯಾನದ ಜೋಹರ್ ನಮಾಜಿನ ಹೊತ್ತಾತು."

"ಆಡಿನ ದೊಡ್ಡಿ ಬಾಗಲಾ ಕೀಳು."

ಇಲಿಯಾಸ ಕಣ್ಣೊರೆಸಿಕೊಂಡು ದೊಡ್ಡಿಯ ಕಡೆ ನಡೆದ. ಗೌತಮ ಏನೋ ಹೇಳಲು ಬಾಯಿ ತೆರೆದ. ಸಾಬೀರಾ ಅವನತ್ತ ತಿರುಗಲೂ ಇಲ್ಲ. ಯಂಕವ್ವನ ಕೈ ಹಿಡಿದು ಒಳಗೆಳೆದುಕೊಂಡು, ಅಂಗೈಯಲ್ಲಿ ಚಾವಿ ಒತ್ತಿದಳು.

"ಯಕ್ಕಾ, ಗಂಡನ್ನ ಕಳಕೊಂಡಾಕಿ ನಾ, ಇನ್ನ ನಾಲ್ಕು ತಿಂಗಳ ಹತ್ತು ದಿನ ಈ ಹೊಸ್ತಿಲಾ ದಾಟೂದಿಲ್ಲ. ನೀ ಹೋಗು."

"ಹೋಗಿ ಏನ್ ಮಾಡಲಿ ತಂಗೀ? ಅವ್ರ ಕೈಯಾಗ ಕೊಡ್ಲಿ ಅದಾವು."

"ನನಗೇನ್ ಗೊತ್ತು ಯಕ್ಕಾ? ನಿನ್ನ ರಾತ್ರಿ ಅನ್ನದ ಮುಂದ ಕುಂತು ಒಂದ ತುತ್ತು ತಿನ್ನಲಿಲ್ಲ. ಅವ್ರು ಕಡೀತಾರ ಸಾಬೀರಾ, ನನ್ನ ಕಣ್ಣಮುಂದ ಕಡೀತಾರ ಅಂದ. ಅಷ್ಟ ಅಂದ."

ಯಂಕವ್ವ ಸೆರಗು ಬಿಗಿದು, ಮಾನವ್ವನನ್ನೂ ಉಳಿದ ಹೆಂಗಸರನ್ನೂ ಎಬ್ಬಿಸಿಕೊಂಡು ಆಡಿನ ಕಾಲುದಾರಿ ಹಿಡಿದಳು.

*

ನಿನ್ನೆ ಸಂಜೆ ಅವಳು ಸೌದೆಗೆ ಹೋದಾಗ ಗೌತಮ ಬಕೀಟಿನಲ್ಲಿ ಸುಣ್ಣ ಕಲೆಸಿಕೊಂಡು ನೀಲಗಿರಿ ಮರಗಳಿಗೆ ಪಟ್ಟಿ ಬಳಿಯುತ್ತಿದ್ದ. ಕಾಶೀಂಸಾಬ ಅವನ ಹಿಂದೆ ಹಿಂದೆ ಸುತ್ತುತ್ತಿದ್ದ.

"ಸೋಮವಾರ ತಪಾಸಣಿ ಐತಿ ಕಾಕಾ. ಹೊರಗಿನ ಮಂದಿ ಟೇಪ್ ಹಿಡಕೊಂಡು ಬರ್ತಾರ. ಗಿಡ ಎಷ್ಟು ಇಂಗಾಲ ಹಿಡದಿಟ್ಟಾವು ಅಂತ ಅಳೀತಾರ."

"ಇಂಗಾಲ ಅಂದ್ರ?"

"ಹೊಗಿಯೊಳಗಿನ ಮಸಿ ಅಂತ ತಿಳಕೋ. ಗಿಡ ಅದನ್ನ ನುಂಗಿ ಕಟಿಗಿ ಮಾಡ್ತಾವು. ಹವಾ ಚಲೋ ಆಗ್ತದ."

"ಚಲೋ ಆತಲ್ಲ! ಇಷ್ಟು ಗಿಡ ಅದಾವು, ಅಳೀಲಿ."

"ಕಾಗದದಾಗ ನೀಲಗಿರಿ ಅಷ್ಟ ಐತಿ ಕಾಕಾ. ಅದಕ್ಕ ಸುಣ್ಣ ಹಚ್ಚೀನಿ. ಸುಣ್ಣ ಹಚ್ಚಿದ್ದು ಉಳೀತಾವು, ಉಳಿದದ್ದು ಕಡಸ್ತೀನಿ."

ಕಾಶೀಂಸಾಬ ಕೂತುಬಿಟ್ಟ. "ಗಿಡ ಎಣಸಾಕ ಬರೂ ಮಂದಿಗೆ ಗಿಡ ಕಡದು ತೋರಸ್ತೀರಿ?"

"ಖಾಲಿ ನೆಲಕ್ಕ ಜವಾಬ ಐತಿ, ಮಳಿ ಇಲ್ದ ಒಣಗಿದ್ವು ಅಂತ ಬರೀತೀವಿ. ಬ್ಯಾರೆ ಗಿಡಕ್ಕ ಜವಾಬ ಇಲ್ಲ. ಹದಿನಾಲ್ಕು ವರ್ಷ ಸುಳ್ಳು ಬರದಂಗ ಆಗ್ತದ. ನನ್ನ ನೌಕರಿ ಹೋಗ್ತದ."

"ಕಾಗದ ತಿದ್ರಿ ಸಾಹೇಬ್ರ. ಅದೇನ್ ದೊಡ್ಡ ಕೆಲಸ?"

ಗೌತಮ ಬಕೀಟು ಶೆಡ್ಡಿನಲ್ಲಿಟ್ಟು ಹೋದ. ಕಾಶೀಂಸಾಬ ಬಾಗಿಲಿಗೆ ಕೀಲಿ ಹಾಕಿ, ಎಳೆದು ನೋಡಿ, ಕೆಳಗಿಳಿದ.

*

ಗುಡ್ಡದ ಮೇಲೆ ಎಂಟು ಮಂದಿ ಇದ್ದರು. ಒಂದು ಕಮರ ಹೋಗಿತ್ತು, ಹಗ್ಗಕ್ಕೆ ಕಾದು ಕೂತವರು ಈಗಷ್ಟೇ ಎದ್ದಿದ್ದರು, ಒಂದು ಬನ್ನಿಯ ಬುಡಕ್ಕೆ ಎರಡು ಏಟು ಬಿದ್ದಿತ್ತು. ಅವರ ಮುಂದಾಳು ಗ್ಯಾನಪ್ಪ ಹಣೆಯ ಬೆವರು ಬಳಿದು ಹೆಂಗಸರತ್ತ ನೋಡಿದ.

"ನಿಲ್ಲಸೋ ನಿನ್ನ ಕೊಡ್ಲಿ!" ಯಂಕವ್ವ ಕಿರುಚಿದಳು. "ಹಚ್ಚಿದಾವ ಸತ್ತು ಇನ್ನ ಮಣ್ಣಾಗಿಲ್ಲ, ನೀವು ಬಂದು ಕಡೀತೀರಿ? ನಾಚಿಕಿ ಬರೂದಿಲ್ಲ?"

"ಯವ್ವಾ, ನಮಗ ಯಾರು ಏನು ಗೊತ್ತಿಲ್ಲ. ಸುಣ್ಣ ಹಚ್ಚಿದ್ದು ಬಿಡ್ರಿ, ಉಳಿದದ್ದು ಕಡೀರಿ ಅಂತ ಸಾಹೇಬ್ರ ಹುಕುಂ. ನಾವು ಕೂಲಿ ಮಂದಿ. ನೀನೂ ಕೂಲಿ ಮಂದಿನ. ಜಗಳ ಯಾಕ?"

ಹದಿನಾಲ್ಕು ವರ್ಷ ಯಂಕವ್ವನೂ ಹುಕುಂ ಕೇಳಿದವಳೇ. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಆ ನೀರಿಗೇ ಮತ್ತಷ್ಟು ಸಿಟ್ಟು ಬಂತು.

ಆಗ ಕೆಳಗಿನ ದಾರಿಯಲ್ಲಿ ಕಲಿಮಾ ಪಠಿಸುವ ದನಿ ಕೇಳಿಸಿತು. ಜನಾಜಾ ಬರುತ್ತಿತ್ತು. ಹಸಿರು ಚಾದರ ಹೊದೆಸಿದ ಡೋಲಿ ಹೆಗಲಿಂದ ಹೆಗಲಿಗೆ ದಾಟುತ್ತ, ಗುಡ್ಡದ ಬುಡದ ಖಬರಸ್ತಾನದ ಕಡೆ ಸರಿಯುತ್ತಿತ್ತು. ಜನಾಜಾ ಕಂಡರೆ ಆ ಸೀಮೆಯಲ್ಲಿ ಯಾವ ಜಾತಿಯವನೇ ಆಗಲಿ ಸುಮ್ಮನೆ ನಿಲ್ಲುವುದಿಲ್ಲ. ನಾಲ್ಕು ಹೆಜ್ಜೆಯಾದರೂ ಹೆಗಲು ಕೊಡುತ್ತಾನೆ. ಗ್ಯಾನಪ್ಪ ಕೊಡಲಿಯನ್ನು ನೆಲಕ್ಕಿಟ್ಟ. ರುಮಾಲು ಬಿಚ್ಚಿ ಮತ್ತೆ ಸರಿಯಾಗಿ ಸುತ್ತಿಕೊಂಡ. "ಬರ್ರಿ," ಎಂದ. ಎಂಟೂ ಮಂದಿ ಇಳಿದು ಹೋದರು.

ಮಾನವ್ವ ಕೊಡಲಿಗಳನ್ನು ನೋಡಿದಳು. "ಇವನ್ನ ಕೊಳ್ಳಕ್ಕ ಒಗದುಬಿಡೂಣೇನು?"

"ನಾಳೆ ಬ್ಯಾರೆ ತರ್ತಾರ," ಎಂದು ಯಂಕವ್ವ ಶೆಡ್ಡಿನ ಕೀಲಿ ತೆಗೆದಳು. ಏನು ಮಾಡಬೇಕೆಂದು ಅವಳಿಗೂ ಗೊತ್ತಿರಲಿಲ್ಲ, ಸಾಬೀರಾ ಚಾವಿ ಕೊಟ್ಟಿದ್ದಳೆಂದು ತೆಗೆದಳು ಅಷ್ಟೇ. ಒಳಗೆ ಹಗ್ಗದ ಸಿಂಬಿ ಇತ್ತು. ಪಕ್ಕದಲ್ಲಿ ನಿನ್ನೆಯ ಬಕೀಟು. ಅದರ ಹಿಂದೆ ಬಾಯಿ ಬಿಚ್ಚದ ಎರಡು ಚೀಲ ಸುಣ್ಣ.

ಅವಳು ಒಂದು ಚೀಲದ ಬಾಯಿ ಹರಿದಳು. ಆಮೇಲೆ, "ಮಾನವ್ವಾ, ನೀರಿನ ಕೊಡಾ ತಾ," ಎಂದಳು.

ಕುಂಚ ಇದ್ದದ್ದು ಒಂದೇ. ಉಳಿದವರು ಸೆರಗಿನ ತುದಿ ಹರಿದು ಅದ್ದಿಕೊಂಡರು, ಅದೂ ಸಾಲದಾದಾಗ ಬರಿಗೈಯಲ್ಲೇ ಬಳಿದರು. ಬನ್ನಿಗೆ, ಬಾರಿಗೆ, ಉಳಿದ ಕಮರಗಳಿಗೆ, ಮಸೂತಿಯ ಗೋಡೆಯಿಂದ ಬಂದ ಅತ್ತಿಗೆ, ಮಠದ ಕಟ್ಟೆಯಿಂದ ಬಂದ ಆಲಕ್ಕೆ. ಸುಣ್ಣ ಅಂಗೈಯನ್ನು ಸುಡುತ್ತಿತ್ತು. ಸಣ್ಣ ಗಿಡವೆಂದು ಮಾನವ್ವ ಒಂದನ್ನು ದಾಟಿ ಹೋದರೆ ಯಂಕವ್ವ ಬೈದು ಹಿಂದಕ್ಕೆ ಕರೆದಳು. ಕೆಳಗೆ ಗಂಡಸರು ಒಬ್ಬೊಬ್ಬರಾಗಿ ಮೂರು ಮೂರು ಹಿಡಿ ಮಣ್ಣು ಹಾಕುತ್ತಿದ್ದುದು ಗಿಡಗಳ ಸಂದಿಯಿಂದ ಕಾಣುತ್ತಿತ್ತು. ಅವರಲ್ಲಿ ಸಾಲು ಮುಗಿಯುವ ಹೊತ್ತಿಗೆ ಇವರಲ್ಲಿ ಸುಣ್ಣ ತಳ ಕಂಡಿತು.

ಗೌತಮ ಮೊದಲು ಬಂದ. ತಲೆಗೆ ಕರವಸ್ತ್ರ ಕಟ್ಟಿದ್ದ, ಕೈಗೆ ಗೋರಿಯ ಮಣ್ಣು ಹತ್ತಿತ್ತು. ಗುಡ್ಡದ ತುಂಬ ಬಿಳಿ ಪಟ್ಟಿಗಳನ್ನು ಕಂಡ.

"ಏನ್ ಮಾಡೀರಿ ಯಂಕವ್ವಾ! ಸೋಮವಾರ ನಾ ಅವರಿಗೆ ಏನ್ ಹೇಳ್ಲಿ?"

"ಖರೇ ಹೇಳ್ರಿ. ಕಲಬೆರಕಿ ಐತಿ ಅಂತ ಹೇಳ್ರಿ. ಯಾರ್ ಮಾಡಿದ್ರು ಅಂತ ಕೇಳಿದ್ರ ಅವನ ಹೆಸರು ಹೇಳ್ರಿ."

ಗೌತಮ ಹಿಂದಿನಿಂದ ಬಂದ ಕಡಿಯುವವರತ್ತ ತಿರುಗಿದ. "ಗ್ಯಾನಪ್ಪಾ, ಇದು ಸುಳ್ಳು ಸುಣ್ಣ. ನೀ ಶುರು ಮಾಡು."

ಗ್ಯಾನಪ್ಪ ಮರಗಳನ್ನು ನೋಡಿದ, ಹೆಂಗಸರ ಬೆಂದ ಕೈಗಳನ್ನು ನೋಡಿದ. ಕುಣಿಯ ಹತ್ತಿರ ಇಲಿಯಾಸ ಅವನಿಗೆ ಏನೇನು ಹೇಳಿದ್ದನೋ.

"ಸುಣ್ಣದಾಗ ಖರೇ ಸುಣ್ಣ, ಸುಳ್ಳು ಸುಣ್ಣ ನಮಗ ತಿಳ್ಯೂದಿಲ್ಲರಿ ಸಾಹೇಬ್ರ," ಎಂದ. "ಹಚ್ಚಿದ್ದು ಬಿಡ್ರಿ ಅಂದಿದ್ರಿ. ಬಿಟ್ಟಿವಿ." ಕೊಡಲಿ ಹೆಗಲಿಗೇರಿಸಿದ. ಉಳಿದವರೂ ಏರಿಸಿದರು. ಶಿರೋಳದ ದಾರಿ ಎಲ್ಲಿ ಕೂಡುತ್ತದೆಂದು ಮಾನವ್ವನನ್ನು ಕೇಳಿಕೊಂಡು ಇಳಿದು ಹೋದರು.

ಗೌತಮ ಶೆಡ್ಡಿನ ಮೆಟ್ಟಿಲ ಮೇಲೆ ಕೂತ. ಕಿಸೆಯಿಂದ ನೀಲಗಿರಿಯ ಲೆಕ್ಕವಿದ್ದ ಮಡಿಚಿದ ಕಾಗದ ತೆಗೆದು ತೊಡೆಯ ಮೇಲೆ ಹರಡಿ ನೋಡುತ್ತಿದ್ದ.

ಯಂಕವ್ವ ಬಕೀಟನ್ನು ಓರೆ ಮಾಡಿ ತಳದಲ್ಲಿ ಉಳಿದದ್ದನ್ನು ಅಂಗೈಯಲ್ಲಿ ಬಳಿದುಕೊಂಡಳು. ಬೆಳಗ್ಗೆ ಕಡಿದ ಕಮರದ ಬುಡದ ಹತ್ತಿರ ಹೋಗಿ ಮಂಡಿಯೂರಿದಳು. ನೆಲದಿಂದ ಗೇಣೆತ್ತರ ಉಳಿದಿದ್ದ ಆ ಕೆಂಪು ಮೋಟಿನ ಸುತ್ತ, ಉಳಿದ ಗಿಡಗಳಿಗೆ ಬಳಿದ ಹಾಗೆಯೇ, ಬಿಳಿ ಪಟ್ಟಿ ಎಳೆದಳು.