ಲೀಟರಿಗೆ ಇಪ್ಪತ್ತು

“ನೀರು ಕೆಟ್ಟರೆ ಮೊದಲು ನಿಂಗೇ ಹೇಳ್ತೀನಿ ಅತ್ತೆ” ಎಂದು ಹದಿನಾರು ವರ್ಷದ ಹಿಂದೆ, ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕ ದಿನ, ಅವಳು ಮಾತು ಕೊಟ್ಟಿದ್ದಳು. ಅತ್ತೆ ಎಂದರೆ ಅಪ್ಪನ ಅಕ್ಕ. ಕಡಲಂಚಿನ ಬಂಡೆಗಳಿಂದ ಚಿಪ್ಪುಮೀನು ಕಿತ್ತು ಮಾರಿ ಇವಳನ್ನು ಓದಿಸಿದವಳು. ಆ ಮಾತು ಈಗ, ಸಮಿತಿಯ ಸಭೆಯ ನಡುವೆ, ಹಲ್ಲಿಗೆ ಸಿಕ್ಕಿಕೊಂಡ ನಾರಿನ ಹಾಗೆ ಕಾಡುತ್ತಿತ್ತು.

ಉದ್ದ ಮೇಜಿನ ಸುತ್ತ ಏಳು ಜನ. ತಾಮ್ರದ ಕಾರ್ಖಾನೆಯ ನೀರು ಸೇರುವ ಕಡಲಲ್ಲಿ ತಾಮ್ರ ಎಷ್ಟಿದ್ದರೆ ಅಪಾಯವಿಲ್ಲ ಎಂದು ಗೆರೆ ಎಳೆಯಲು ಕೂತವರು. ಅವರಲ್ಲಿ ಐವರು ಸಮುದ್ರ ನೋಡಿದ್ದು ಹೋಟೆಲಿನ ಕಿಟಕಿಯಿಂದ. ಅಧ್ಯಕ್ಷರಂತೂ ವರದಿಯ ಮೊದಲ ಪುಟದ ಮೇಲೆ ಬಿಸ್ಕತ್ತಿನ ತಟ್ಟೆ ಇಟ್ಟುಕೊಂಡು, ಎರಡನೇ ಪುಟವೂ ಒಂದಿದೆಯೆಂಬ ಗುಮಾನಿಯೂ ಇಲ್ಲದೆ ಕೂತಿದ್ದರು.

“ಲೀಟರಿಗೆ ಇಪ್ಪತ್ತು ಮೈಕ್ರೋಗ್ರಾಂ,” ಎಂದರು ಕಾರ್ಖಾನೆಯ ಸಲಹೆಗಾರರು. “ಪರೀಕ್ಷೆ ಮಾಡಿಸಿದ್ದೀವಿ. ನೂರು ಚಿಪ್ಪುಮೀನು, ಎರಡು ದಿನ. ಒಂದೂ ಸಾಯಲಿಲ್ಲ.”

“ಎಲ್ಲಿ ಸಾಯತ್ತೆ ಸರ್?” ಎಂದಳು ಅವಳು. “ಬಲಿತ ಚಿಪ್ಪುಮೀನು ತಾಮ್ರದ ವಾಸನೆ ಹತ್ತಿದ ಕೂಡಲೇ ಚಿಪ್ಪು ಮುಚ್ಚಿಕೊಂಡುಬಿಡತ್ತೆ. ಉಸಿರು ಬಿಗಿಹಿಡಿದು ಕೂರತ್ತೆ. ನೀವು ಅಳೆದಿರೋದು ಅದರ ಹಠ. ಈಗ ತಾನೇ ಹುಟ್ಟಿದ ಮರಿಗೆ ಮುಚ್ಚಿಕೊಳ್ಳೋಕೆ ಚಿಪ್ಪೇ ಇರಲ್ಲ. ಐದು ಮೈಕ್ರೋಗ್ರಾಮಿಗೇ ಅರ್ಧಕ್ಕರ್ಧ ಮರಿಗಳು ಚಿಪ್ಪು ಕಟ್ಟೋದಿಲ್ಲ. ಒಂದೊಂದಾಗಿ ಎಣಿಸಿದ್ದೀನಿ. ಮಿತಿ ಎರಡು ದಾಟಬಾರದು. ಕಡಲಲ್ಲಿ ಈಗಲೇ ಹನ್ನೆರಡಿದೆ.”

“ಮೈಕ್ರೋಸ್ಕೋಪಿನಲ್ಲಿ ಮಾತ್ರ ಕಾಣೋ ಮರಿಗಳು ತಾನೇ?” ಅಧ್ಯಕ್ಷರು ಅಂಗಿಯ ಮೇಲಿನ ಪುಡಿ ಕೊಡವಿದರು. “ಕಣ್ಣಿಗೇ ಕಾಣದ್ದು ಸತ್ತರೆ ಅಳೋರು ಯಾರಮ್ಮಾ?”

ಮೇಜಿನ ಸುತ್ತ ನಗು. ನಕ್ಕವರಲ್ಲಿ ಜೀವಶಾಸ್ತ್ರದ ಪ್ರಾಧ್ಯಾಪಕರೂ ಇದ್ದರು. ಅವರ ಪದವಿಗಳನ್ನೆಲ್ಲ ಓದಲು ಒಂದು ಉಸಿರು ಸಾಲದು. “ಮರಿಗಳ ಅಂಕಿ ಉಳಿದ ಅಂಕಿಗಳ ಜೊತೆ ಹೊಂದ್ತಾ ಇಲ್ಲ, ಅದನ್ನ ಕೈಬಿಡಬಹುದು,” ಎಂದು ಅವರೇ ದಾರಿ ತೋರಿಸಿದರು. ಕೈಬಿಟ್ಟರು. ಆರು ತಿಂಗಳ ಎಣಿಕೆ ಒಂದು ಲೋಟ ಚಹಾ ಆರುವಷ್ಟರಲ್ಲಿ ಮಣ್ಣುಪಾಲಾಯಿತು.

ಮಿತಿ ಇಪ್ಪತ್ತು ಎಂದು ಬರೆದ ಹಾಳೆ ಸಹಿಗೆ ಬಂತು. ಅವಳಿಗಿಂತ ಮುಂಚೆ ಆರು ಸಹಿಗಳು ಬಿದ್ದಿದ್ದವು.

“ನಿಮ್ಮ ಗುತ್ತಿಗೆ ಮುಂದಿನ ತಿಂಗಳು ನವೀಕರಣಕ್ಕೆ ಬರತ್ತಲ್ವಾ?” ಎಂದು ಅಧ್ಯಕ್ಷರು ವಾತ್ಸಲ್ಯದಿಂದ ಪೆನ್ನಿನ ಮುಚ್ಚಳ ತೆಗೆದುಕೊಟ್ಟರು.

ಹದಿನಾರು ವರ್ಷದಿಂದಲೂ ವರ್ಷಕ್ಕೊಮ್ಮೆ ಬರುತ್ತಿತ್ತು. ಮನೆಯಲ್ಲಿ ಎರಡು ಮಕ್ಕಳು. ಇಂಥ ಜನಕ್ಕೂ ಹೆದರಬೇಕಲ್ಲ ಎಂದು ಅಸಹ್ಯಪಡುತ್ತಲೇ ಸಹಿ ಹಾಕಿದಳು. ಸಹಿ ಮುದ್ದಾಗಿ ಬಂತು.

ಸಂಜೆ ಹೋದಾಗ ಅತ್ತೆ ಅಂಗಳದಲ್ಲಿ ಬುಟ್ಟಿ ಸುರಿದುಕೊಂಡು ಚಿಪ್ಪುಗಳ ಪಾಚಿ ಕೆರೆಯುತ್ತಿದ್ದಳು. ಅತ್ತೆಯ ಹತ್ತಿರ ಒಂದು ಕಬ್ಬಿಣದ ಬಳೆಯಿತ್ತು. ಅದರೊಳಗೆ ತೂರುವಷ್ಟು ಸಣ್ಣ ಚಿಪ್ಪುಮೀನನ್ನು ಅವಳು ಯಾವತ್ತೂ ಮಾರಿದವಳಲ್ಲ. ವಾಪಸು ಕಡಲಿಗೇ ಬಿಡುತ್ತಿದ್ದಳು. ಚಿಕ್ಕಂದಿನಲ್ಲಿ ಬಳೆ ಹಿಡಿದು ಕೂರುವ ಕೆಲಸ ಇವಳದಾಗಿತ್ತು.

“ಬಳೆ ಎಲ್ಲತ್ತೆ?”

“ಅದ್ಯಾಕೆ ಈಗ? ಎರಡು ವರ್ಷ ಆಯ್ತು, ಒಂದೂ ತೂರಿಲ್ಲ. ಇಲ್ಲಿರೋವೆಲ್ಲಾ ನನ್ನಂಥ ಮುದುಕಿಯರೇ.” ಅತ್ತೆ ಕತ್ತಿ ನಿಲ್ಲಿಸಿ ತಲೆಯೆತ್ತಿದಳು. “ನಿಮ್ಮ ದೊಡ್ಡ ಮನುಷ್ಯರ ಸಭೆ ಇವತ್ತೇ ಅಲ್ವೇನೇ? ನೀರು ಹೇಗಿದೆಯಂತೆ?”

ಹನ್ನೆರಡು ಎಂಬುದು ಅವಳ ನಾಲಿಗೆಯ ತುದಿಯಲ್ಲಿತ್ತು.

“ಮಿತಿಯೊಳಗೇ ಇದೆ ಅತ್ತೆ.”

“ಮಿತಿಯೊಳಗೆ,” ಎಂದಳು ಅತ್ತೆ, ಬಾಯಿಗೆ ಸಿಕ್ಕ ಮರಳನ್ನು ಉಗಿಯುವ ಹಾಗೆ. ತಮ್ಮನ ಮಗಳ ಮುಖವನ್ನೇ ನೋಡಿದಳು. “ಇರಲಿ ಬಿಡು. ಓದಿದವಳು ನೀನು.” ಮತ್ತೆ ಕೆರೆಯತೊಡಗಿದಳು.

ಬಳೆ ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ಜೇಡವೊಂದು ಅದರ ತುಂಬ ಬಲೆ ಕಟ್ಟಿಕೊಂಡಿತ್ತು.

ನೀರು ಕೆಟ್ಟರೆ ಮೊದಲು ಅತ್ತೆಗೆ ಹೇಳುತ್ತೇನೆ ಎಂದಿದ್ದಳು. ಹೇಳಲಿಲ್ಲ.