ಮೌನವ್ರತದ ಮರೆ

ಬೆಟ್ಟದ ವಿಹಾರದ ಕೆಳಗಿನ ಅಂಗಳದಲ್ಲಿ ನಿಂತಿದ್ದ ತನ್ನ ಅಪ್ಪನನ್ನು ಸಮಿಂದ ಗುರುತಿಲ್ಲದವನಂತೆ ದಾಟಿಹೋದ.

ಅಪ್ಪ ಸುರಂಬಾ ಬೆಳಗಿನ ಪೂಜೆಗೆ ಬಾರಿಸಿ ಮುಗಿಸಿ, ಕೊರಳಿನ ದವುಲ ಡೋಲನ್ನು ಕೆಳಗಿಳಿಸುತ್ತಿದ್ದ. ಮಗನನ್ನು ಕಂಡವನೇ "ಪುತಾ..." ಎಂದು ಬಾಯಿ ತೆರೆದ. ಸಮಿಂದ ತುಟಿಯ ಮೇಲೆ ಬೆರಳಿಟ್ಟ. ಅವನ ಹಿಂದೆಯೇ ಕೊಲಂಬೊ ಆಫೀಸಿನವರೆಲ್ಲ ಬಿಳಿ ಬಟ್ಟೆಯುಟ್ಟು ಸಾಲಾಗಿ ಬರುತ್ತಿದ್ದರು. ಧ್ಯಾನ ಶಿಬಿರ ಮುಗಿಯುವವರೆಗೆ ಎಲ್ಲರಿಗೂ ಮೌನವ್ರತ. ಮುದುಕ ವ್ರತಕ್ಕೇ ಇರಬೇಕೆಂದು ನಕ್ಕು ತಲೆಯಾಡಿಸಿದ. ಆ ನಗು ಸಮಿಂದನ ಬೆನ್ನಿಗಂಟಿಕೊಂಡೇ ಮೆಟ್ಟಿಲು ಹತ್ತಿತು.

ಶಿಬಿರ ಈ ಬೆಟ್ಟದಲ್ಲೆಂದು ತಿಳಿದದ್ದು ವ್ಯಾನು ಹೊರಟ ಮೇಲೆ. ಹೊಟ್ಟೆನೋವೆಂದು ಇಳಿದುಬಿಡಬಹುದಿತ್ತು. ಆದರೆ ಪಕ್ಕದಲ್ಲೇ ಕೂತಿದ್ದ ಮ್ಯಾನೇಜರ್ ಅಬೇಕೋನ್ ತನ್ನ ತಂಗಿಯ ಮಗಳ ಜಾತಕದ ಮಾತು ತೆಗೆದಿದ್ದ. ಕುಲೀನರ ಮನೆ. ಸಮಿಂದ ಇಳಿಯಲಿಲ್ಲ.

ಬೆರವ ಕುಲದವರು ಈ ವಿಹಾರದಲ್ಲಿ ತಲೆತಲಾಂತರದಿಂದ ದವುಲ ಬಡಿದವರು. ಅವರ ಬಡಿತ ಬುದ್ಧನಿಗೆ ಬೇಕು. ಅವರ ಮಗ ಮಾತ್ರ ಇಲ್ಲಿ ಕಾಷಾಯ ಉಡುವಂತಿಲ್ಲ. ಕುಲದ ಮಾತೇ ಬೇಡವೆಂದವನ ಬಾಗಿಲಲ್ಲೇ ಕುಲ ಕಾವಲು ಕೂತಿತ್ತು. ಚಿಕ್ಕಂದಿನಲ್ಲಿ ಭಿಕ್ಷುವಾಗುತ್ತೇನೆಂದು ಕೇಳಿ ಬೈಸಿಕೊಂಡವನು ಸಮಿಂದ. ಕೊಲಂಬೊ ಸೇರಿದ ಮೇಲೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಕುಲ ಸಾರುವ ಮನೆತನದ ಹೆಸರು ಕಿತ್ತೆಸೆದು ವಿಜೇಕೋನ್ ಆದ. ತಾನು ವಂಚಿಸಿದ್ದು ಆ ಕಾವಲಿನವರನ್ನು ಎಂದುಕೊಂಡಿದ್ದ. ವಂಚನೆಗೊಳಗಾದವನು ಕೆಳಗಿನ ಅಂಗಳದಲ್ಲಿ ನಗುತ್ತ ನಿಂತಿದ್ದ.

ಸಂಜೆ ಧ್ಯಾನಮಂದಿರದಲ್ಲಿ ಎಲ್ಲರೂ ಕಣ್ಮುಚ್ಚಿ ಉಸಿರು ನೋಡುತ್ತಿದ್ದಾಗ ಕೆಳಗೆ ದವುಲ ಎದ್ದಿತು. ಸಮಿಂದನ ಬೆರಳುಗಳು ಅವನನ್ನು ಕೇಳದೆ ಮಂಡಿಯ ಮೇಲೆ ಅದೇ ಗತ್ತು ಹಿಡಿದವು. ಬೆಚ್ಚಿ ಕೈಯನ್ನು ತೊಡೆಯಡಿ ಅದುಮಿಟ್ಟುಕೊಂಡ.

ಬಡಿತ ತುಸು ನಿಂತಾಗ ಅಬೇಕೋನ್ ಅವನನ್ನು ಹೊರಗೆ ಕರೆದು ವ್ರತ ಮುರಿದ. "ತಲೆ ಸಿಡೀತಿದೆ ಕಣಯ್ಯ. ಹೋಗಿ ಆ ಮುದುಕನಿಗೆ ಹೇಳು, ನಾವು ಇರೋವರೆಗೆ ಬಡೀಬೇಡ ಅಂತ. ದೊಡ್ಡ ಭಿಕ್ಷುಗಳನ್ನ ಕೇಳಿದೀನಿ, ಅವರದೇನೂ ಅಡ್ಡಿ ಇಲ್ಲವಂತೆ. ಸ್ವಲ್ಪ ಗದರಿಸಿಯೇ ಹೇಳು, ಆ ಜನಕ್ಕೆ ಮೆತ್ತಗೆ ಹೇಳಿದ್ರೆ ಹತ್ತಲ್ಲ."

ಸಮಿಂದ ಇಳಿದುಹೋದ. ಅಬೇಕೋನ್ ಮೆಟ್ಟಿಲ ತಲೆಯಲ್ಲೇ ನಿಂತು ನೋಡುತ್ತಿದ್ದ.

"ಏನಾಗ್ಬೇಕಿತ್ತು, ಮಹತ್ತಯಾ?" ಎಂದ ಸುರಂಬಾ, ಮೇಲಕ್ಕೂ ಕೇಳುವ ಹಾಗೆ. ಹೆತ್ತಪ್ಪ ಮಗನನ್ನು ಸಾಹೇಬ ಎಂದಿದ್ದ. ಸಮಿಂದ ಮೆಟ್ಟಿಲಿಗೆ ಬೆನ್ನು ಮಾಡಿ ಹತ್ತಿರ ಸರಿದ.

"ಅಪ್ಪಾ," ಪಿಸುಗುಟ್ಟಿದ, "ನಾಳೆವರೆಗೆ ನಿಲ್ಸು. ಮೇಲಿನವರಿಗೆ ತೊಂದ್ರೆ ಆಗುತ್ತಂತೆ."

"ಬುದ್ಧ ಅವರಿಗಿಂತ ಮೇಲೆ ಕೂತಿದಾನೆ. ಅವನೇನೂ ಅಂದಿಲ್ಲವಲ್ಲೋ." ಮುದುಕ ದನಿ ತಗ್ಗಿಸಿದ. "ಮಗ ಬಂದಿದಾನೆ, ವ್ರತ, ಮಾತಾಡೋ ಹಾಗಿಲ್ಲ ಅಂತ ಮಧ್ಯಾಹ್ನ ನಿನ್ನಮ್ಮನಿಗೆ ಹೇಳ್ದೆ. ಮಾತು ಬೇಡ, ದೂರದಿಂದ ನೋಡ್ತೀನಿ, ಹಾಲನ್ನ ಕಟ್ಕೊಂಡು ಬರ್ತೀನಿ ಅಂತಿದಾಳೆ. ಬರ್ಲೋ, ಬೇಡ್ವೋ?"

ಸಮಿಂದನ ಕಣ್ಣು ತಾನಾಗಿ ಮೆಟ್ಟಿಲ ಕಡೆ ಹೋಯಿತು. ಆ ನೋಟವನ್ನು ಅಪ್ಪ ನೋಡಿದ. ಅವನ ಮುಖದಲ್ಲಿ ಉಳಿದಿದ್ದ ನಗು ಹೋಯಿತು.

"ವಿಜೇಕೋನ್, ಏನಂತೆ ಅವನದು?" ಮೇಲಿನಿಂದ ಕೂಗು ಬಂತು.

"ವಿಜೇಕೋನಾ?" ಸುರಂಬಾ ಮಗನನ್ನೇ ನೋಡಿದ. "ಆಗ್ಲಿ. ಮಗ ಕೇಳಿದ್ರೆ ನಿಲ್ಲಿಸ್ತೀನಿ. ಅಲ್ಲಿರೋ ಅವರಿಗೆ ಕೇಳೋ ಹಾಗೆ ಇನ್ನೊಂದು ಸಲ ಅಪ್ಪಾ ಅನ್ನು."

ಸಮಿಂದ ಬಾಯಿ ತೆರೆದ. ಮೆಟ್ಟಿಲ ತಲೆಯಲ್ಲಿದ್ದವನನ್ನು ನೋಡಿ ಮತ್ತೆ ಮುಚ್ಚಿಕೊಂಡ. ಕಿವಿಯ ತನಕ ಬಿಸಿಯೇರಿತು, ನಾಚಬೇಕಾದದ್ದು ಅಪ್ಪನಿಗಾಗಿ ಅಲ್ಲವೆಂದು ಗೊತ್ತಿದ್ದೂ.

ಮುದುಕ ಕಾದ. ಆಮೇಲೆ ಬಗ್ಗಿ ದವುಲ ಎತ್ತಿ, ಪಟ್ಟಿಯನ್ನು ಕೊರಳಿಗೇರಿಸಿ, ಮೆಟ್ಟಿಲ ಕಡೆ ತಿರುಗಿದ.

"ಆಗಲ್ಲ ಮಹತ್ತಯಾ. ನಾನು ನಿಲ್ಲಿಸೋದಿಲ್ಲ."