ಬಾಗಿಲ ಬಳಿಯ ಬಕೆಟ್ಟು

"ಹಿಂಡೇ ಮುಂಡೇದೆ. ಕೈ ತಂದಿದ್ದೀಯೋ, ಗಂಡನ ಕಾಲೊತ್ತೋಕೆ ಮನೇಲೇ ಇಟ್ಟು ಬಂದಿದ್ದೀಯೋ?"

ಮೇಸ್ತ್ರಿ ಲಾಂಡ್ರಿಯ ಬಾಗಿಲಿಗೆ ಅಡ್ಡವಾಗಿ ನಿಂತಿದ್ದ. ಮುಂದೆ ಬಕೆಟ್ಟು, ಅದರಲ್ಲಿ ನೆನೆದ ದಪ್ಪ ಟವೆಲ್ಲು. ಆಸ್ಪತ್ರೆಗಳ ಬಟ್ಟೆ ಒಗೆಯುವ ಆ ಜಾಗದಲ್ಲಿ ಹೆಂಗಸರ ಹಾಜರಿ ನಡೆಯುತ್ತಿದ್ದದ್ದೇ ಹಾಗೆ. ಟವೆಲ್ಲು ಹಿಂಡಿ ಅವನ ಕೈಗೆ ಕೊಡಬೇಕು. ಅವನು ಎತ್ತಿ ಹಿಡಿದಾಗ ನೀರು ತೊಟ್ಟಿಕ್ಕಿದರೆ ಬಂದ ದಾರಿ ಹಿಡಿಯಬೇಕು.

ಅತ್ತಿಗೆ ಹಿಂಡಿಕೊಟ್ಟ ಟವೆಲ್ಲು ತೊಟ್ಟಿಕ್ಕಿತು. ಅವನು ಅದನ್ನು ಮತ್ತೆ ಬಕೆಟ್ಟಿಗೆಸೆದ. ನೀರು ಅವಳ ಮುಖಕ್ಕೆ ಸಿಡಿಯಿತು.

ಮೊದಲು ಇಲ್ಲೇ ದುಡಿಯುತ್ತಿದ್ದ ನಾದಿನಿ ಕರೆಯುವುದನ್ನು ಕೇಳಿ ಕೇಳಿ ಇಡೀ ಲಾಂಡ್ರಿಗೇ ಅವಳು ಅತ್ತಿಗೆಯಾಗಿದ್ದಳು. ವಾರಕ್ಕೊಮ್ಮೆ ನುಂಗುವ ಸಂಧಿವಾತದ ಗುಳಿಗೆಯನ್ನು ಹಿಂದಿನ ದಿನವಷ್ಟೇ ನುಂಗಿದ್ದಳು. ಮಾರನೆಯ ದಿನ ಹೊಟ್ಟೆ ತೊಳಸುವುದು, ಬಾಯಿ ಹುಣ್ಣಾಗುವುದು ಇದ್ದದ್ದೇ. ಕೂದಲೂ ಉದುರುತ್ತಿತ್ತು. ಆದರೆ ಹೋದ ವರ್ಷ ರವಿಕೆಯ ಗುಂಡಿ ಹಾಕಲೂ ಮಗಳನ್ನು ಕರೆಯುತ್ತಿದ್ದವಳು ಈಗ ಮಗಳ ಜಡೆ ತಾನೇ ಹೆಣೆಯುತ್ತಿದ್ದಳು. ರಕ್ತಪರೀಕ್ಷೆ ತಪ್ಪಿಸಬೇಡ, ಸೋಂಕಿನ ಬಟ್ಟೆಯಿಂದ ದೂರವಿರು, ಗುಳಿಗೆ ಬಿಟ್ಟರೆ ಬೆರಳು ಸೊಟ್ಟಗಾದೀತು, ಆಮೇಲೆ ನೆಟ್ಟಗಾಗದು ಎಂದು ಡಾಕ್ಟರಮ್ಮ ಎಚ್ಚರಿಸಿದ್ದರು.

"ಇವತ್ತೊಂದಿನ ಇಸ್ತ್ರಿ ಕಡೆ ಹಾಕಿ ಅಣ್ಣಾ. ರಕ್ತ, ಕೀವಿನ ಬಟ್ಟೆಗಂಟು ಬಿಚ್ಚಬೇಡ ಅಂದಿದಾರೆ ಡಾಕ್ಟರಮ್ಮ."

"ಓಹೋ, ಮಹಾರಾಣಿಗೆ ಇಸ್ತ್ರಿ ಬೇಕಂತೆ. ಆ ಹಾಳು ಗುಳಿಗೆ ಬಿಟ್ಟು ಇದು ನುಂಗು." ಮೇಸ್ತ್ರಿ ಜೇಬಿನಿಂದ ಡಬ್ಬಿ ತೆಗೆದ. "ಮಧ್ಯಾಹ್ನದೊಳಗೆ ಕೈ ಕುದುರೆ ಥರ ಓಡುತ್ತೆ. ನಿನ್ನ ನಾದಿನಿ ಇದ್ರಲ್ಲೇ ಅಲ್ವಾ ದುಡಿದದ್ದು? ಕೆನ್ನೆ ಹೆಂಗೆ ತುಂಬ್ಕೊಂಡಿತ್ತು."

ಕೆನ್ನೆ ತುಂಬಿದ್ದು ನಿಜ. ಮದುವಣಗಿತ್ತಿ ಕಳೆ ಬಂತಲ್ಲೇ ಎಂದು ಇದೇ ಸಾಲಿನ ಹೆಂಗಸರು ಛೇಡಿಸಿದ್ದರು. ನಾದಿನಿಯದೂ ಇದೇ ಕಾಯಿಲೆ, ಆದರೆ ಆಸ್ಪತ್ರೆಗೆ ಹೋಗದೆ ಮೇಸ್ತ್ರಿಯ ಡಬ್ಬಿಯನ್ನೇ ನಂಬಿದ್ದಳು. ಒಂದು ದಿನ ಗಂಟು ಎತ್ತಲು ಬಗ್ಗಿದವಳ ಬೆನ್ನಲ್ಲಿ ಒಣಕಡ್ಡಿ ಮುರಿದಂತೆ ಸದ್ದಾಯಿತು. ಕೆನ್ನೆ ಊದಿಸಿದ ಆ ಸ್ಟೀರಾಯ್ಡ್ ಗುಳಿಗೆ ಒಳಗೊಳಗೇ ಮೂಳೆಯನ್ನು ಪೊಳ್ಳು ಮಾಡಿತ್ತು. ಈಗ ಮಗ್ಗುಲು ಬದಲಿಸಲೂ "ಅತ್ತಿಗೇ" ಎಂದು ಕೂಗುತ್ತಾಳೆ.

"ನುಂಗ್ತೀಯೋ, ಮನೆಗೆ ಹೋಗ್ತೀಯೋ?"

ಅತ್ತಿಗೆ ಡಬ್ಬಿಯನ್ನೇ ಕಿತ್ತುಕೊಂಡಳು. ತಿರುಪಿನ ಮುಚ್ಚಳ ಬಿಗಿಯಾಗಿತ್ತು. ಗಿಣ್ಣುಗಳು ಉರಿದರೂ ಹಿಡಿತ ಬಿಡಲಿಲ್ಲ. ಮುಚ್ಚಳ ತಿರುಗಿತು. ಬಿಳಿ ಗುಳಿಗೆಗಳನ್ನೆಲ್ಲ ಬಕೆಟ್ಟಿಗೆ ಸುರಿದಳು.

"ಏನೇ ಮಾಡ್ದೆ, ಬೇವರ್ಸಿ."

"ಈಗ ನೀವು ಹಿಂಡಿ ಅಣ್ಣಾ. ಒಂದು ತೊಟ್ಟೂ ಬೀಳಬಾರದು."

"ಹಿಂಡಪ್ಪ ಹಿಂಡು," ಸಾಲಿನ ಕೊನೆಯಿಂದ ಮುದುಕಿಯೊಬ್ಬಳು ಕೂಗಿದಳು. "ನಿನ್ನ ರಟ್ಟೆ ಎಷ್ಟು ಗಟ್ಟಿ, ನೋಡೇಬಿಡೋಣ."

ಮೇಸ್ತ್ರಿ ಬಕೆಟ್ಟನ್ನು ಕಾಲಿನಿಂದ ಸಾಲಿನತ್ತ ನೂಕಿದ.

"ಇವಳ ಕಥೆ ಮುಗೀತು. ಮುಂದಿನವಳು ಬಾ," ಎಂದ ಮೇಸ್ತ್ರಿ.

ಮುಂದಿನವಳು ಎರಡೂ ಕೈಗಳನ್ನು ಕಂಕುಳಲ್ಲಿ ಹುದುಗಿಸಿಕೊಂಡು ನಿಂತೇ ಇದ್ದಳು. ಅವಳ ಹಿಂದಿನವಳೂ. ಒಳಗೆ ಗಂಟು ಬಿಚ್ಚುವವರಿಲ್ಲದೆ ಯಂತ್ರಗಳು ಖಾಲಿ ತಿರುಗುತ್ತಿದ್ದವು.